ಕಿಶೋರನ ಹಾಡು ಎಲ್ಲಿಗೆ ಹೋಯಿತು?

“ಸಾಬವ್ವಜ್ಜಿ, ಬಂದ್ ಮಾಡ್ರಿ! ಮೊದಲ ಅದನ್ನ ಬಂದ್ ಮಾಡ್ರಿ!”

ಭಾಗ್ಯಾ ಕೊಡವನ್ನು ನಳದ ಕೆಳಗೇ ಬಿಟ್ಟು ಓಡಿ ಬಂದಳು. ನೀರಿಗೆ ನಿಂತಿದ್ದ ಹೆಂಗಸರೆಲ್ಲ ಸಾಬವ್ವಜ್ಜಿಯ ಸುತ್ತ ಸೇರಿದ್ದರು. ಅಜ್ಜಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಫೋನನ್ನು ಅಂಗೈಯಲ್ಲಿ ತಟ್ಟೆಯ ಹಾಗೆ ಹಿಡಿದಿದ್ದಳು. ಫೋನು ಜೋರಾಗಿ ಹಾಡುತ್ತಿತ್ತು.

“ರೈಲು ಮಲಗ್ಯಾದ, ಟೇಶನ್ ಮಲಗ್ಯಾದ, ನೀನೂ ಮಲಗ ತಂಗೀ... ಲಾರಿ ಮಲಗ್ಯಾದ, ಕ್ರೇನೂ ಮಲಗ್ಯಾದ, ನೀನೂ ಮಲಗ ತಂಗೀ...”

ಹಾಡುತ್ತಿದ್ದವನು ಕಿಶೋರ. ಮರಾಠಿ ಸೀಮೆಯ ದೇಹೂ ರೋಡ್ ಸ್ಟೇಷನ್ ಹಿಂದೆ ಕನ್ನಡದವರಿದ್ದ ಆ ವಸ್ತಿಯಲ್ಲಿ ಕಿಶೋರ ಅಂದರೆ ಸಾಮಾನ್ಯನಲ್ಲ. ಶಾಲೆಯ ಕಬಡ್ಡಿ ಟೀಮಿನ ಕ್ಯಾಪ್ಟನ್. ಅವನು ಕಾಲು ಹಿಡಿದರೆ ಏಳನೇ ಕ್ಲಾಸಿನವರೂ ಬಿಡಿಸಿಕೊಳ್ಳಲಾರರು. ಅಂಥ ಕಿಶೋರ ಈಗ ಬೆಣ್ಣೆಯಂಥ ದನಿಯಲ್ಲಿ ಜೋಗುಳ ಹಾಡುತ್ತಿದ್ದ.

ಹಾಡು ಮುಗಿಯಿತು. ಆಮೇಲೆ ಮೂಗು ಎಳೆದುಕೊಂಡ ಸದ್ದು ಬಂತು. “ಅವ್ವಾ, ಲಗೂನ ಬಾ,” ಎಂದಿತು ಫೋನಿನೊಳಗಿನ ದನಿ, ಅರ್ಧ ಅಳುತ್ತ.

“ಅಯ್ಯ, ನನ್ನ ಕೂಸೇ!” ಎಂದು ಹೆಂಗಸರು ಕೆನ್ನೆಗೆ ಕೈ ಹಚ್ಚಿದರು.

ಹುಡುಗರಿಗೆ ಅಷ್ಟೇ ಸಾಕಾಯಿತು. “ಕ್ರೇನ್ ಝೋಪಲಾ! ಕ್ರೇನ್ ಝೋಪಲಾ!” ಎಂದು, ಕ್ರೇನು ಮಲಗಿತು ಅಂತ ಮರಾಠಿಯಲ್ಲಿ ಕೂಗುತ್ತ ಕುಣಿದರು. ಒಬ್ಬ ಕೈಯನ್ನು ಕ್ರೇನಿನ ಹಾಗೆ ಮೇಲೆತ್ತಿ, ನಿಧಾನಕ್ಕೆ ಕೆಳಗಿಳಿಸಿ, ಗೊರಗೊರ ಗೊರಕೆ ಹೊಡೆದ.

ಆ ಹೊತ್ತಿಗೇ ಕಿಶೋರ ಸೈಕಲ್ಲಿಗೆ ನೀರಿನ ಕ್ಯಾನು ಕಟ್ಟಿಕೊಂಡು ಬರಬೇಕೇ? ಬಂದ. ಸೈಕಲ್ ನಿಲ್ಲಿಸಿದ. ಹುಡುಗರನ್ನು ನೋಡಿದ, ಅಜ್ಜಿಯ ಫೋನು ನೋಡಿದ, ಕಡೆಗೆ ಭಾಗ್ಯಾಳನ್ನು ನೋಡಿದ. ಅವನ ಕಿವಿ ಕೆಂಪಾಯಿತು.

“ದೇವರಾಣಿ ಅಂದಿದ್ದಿ,” ಎಂದ.

ಅಷ್ಟೇ ಹೇಳಿ ಸೈಕಲ್ ತಿರುಗಿಸಿಕೊಂಡು ಹೋಗಿಬಿಟ್ಟ. ಖಾಲಿ ಕ್ಯಾನುಗಳು ಓಣಿಯುದ್ದಕ್ಕೂ ಡಬಡಬ ಬಡಿದುಕೊಂಡವು.

 ಭಾಗ್ಯಾ ದೇವರಾಣೆ ಮಾಡಿದ್ದು ನಿಜ. ಅದೂ ನಿನ್ನೆ ತಾನೇ.

ನಿನ್ನೆ ಶನಿವಾರ. ಶನಿವಾರ ಅಂದರೆ ಶಾಲೆಯಲ್ಲಿ ಕೋಡಿಂಗ್ ಕ್ಲಬ್. ಹಿಂಜೇವಾಡಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಮನೋಜ ಸರ್ ರಜೆಯ ದಿನ ಲ್ಯಾಪ್‌ಟಾಪ್ ತಂದು ಪಾಠ ಮಾಡುತ್ತಾರೆ. ಅವರು ಚಾಮರಾಜನಗರದ ಕಡೆಯವರು. ಅವರ ಕನ್ನಡಕ್ಕೂ ಇವರ ಕನ್ನಡಕ್ಕೂ ಅಷ್ಟಿಷ್ಟು ಜಗಳ. ಅವರು ‘ಬೇಡ’ ಅಂದರೆ ಮಕ್ಕಳು ‘ಬ್ಯಾಡ ಸರ್’ ಅನ್ನುತ್ತಾರೆ. ಆದರೂ ಪಾಠ ನಡೆಯುತ್ತದೆ.

“ಈ ಸಲ ಒಂದ್ ಮಜಾ ಮಾಡೋಣ,” ಎಂದಿದ್ದರು ಸರ್. “ಒಬ್ಬೊಬ್ರೂ ಮನೆಯೋರಿಗೆ ಅಂತ ಏನಾದ್ರೂ ರೆಕಾರ್ಡ್ ಮಾಡಿ. ಹಾಡು, ಜೋಕು, ಏನ್ ಬೇಕಾದ್ರೂ. ಅದನ್ನ ಇಮೇಲ್‌ಗೆ ಅಟ್ಯಾಚ್ ಮಾಡಿ ಕಳ್ಸೋ ಪ್ರೋಗ್ರಾಂ ನಾವೇ ಬರೆಯೋಣ. ಒಂದ್ ಸಲ ಎಂಟರ್ ಒತ್ತಿದ್ರೆ ಹನ್ನೆರಡು ಮನೆಗೂ ಹೋಗ್ಬೇಕು.”

ಮೇಲ್ ವಿಳಾಸಕ್ಕೆ ಏನೂ ತೊಂದರೆ ಇರಲಿಲ್ಲ. ಫೋನು ಕೊಂಡ ದಿನವೇ ಅಂಗಡಿಯವರು ಎಲ್ಲರಿಗೂ ಒಂದು ಮಾಡಿಕೊಟ್ಟಿರುತ್ತಾರೆ. ಇದೆ ಅಂತ ಮನೆಯವರಿಗೇ ಗೊತ್ತಿರುವುದಿಲ್ಲ, ಅಷ್ಟೇ.

ಪ್ರೋಗ್ರಾಂ ಬರೆಯುವ ಕೆಲಸ ಭಾಗ್ಯಾಳ ಪಾಲಿಗೆ ಬಂತು. ಕ್ಲಬ್ಬಿನಲ್ಲಿ ಅವಳೇ ಚುರುಕು. ಅವಳಿಗೇ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಕಿಶೋರ ಎಲ್ಲರೂ ಮುಗಿಸುವ ತನಕ ಕಾದು, ಲ್ಯಾಪ್‌ಟಾಪ್ ಎತ್ತಿಕೊಂಡು ಆಟದ ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ರೆಕಾರ್ಡ್ ಮಾಡಿದ. ಅವನ ಅವ್ವ ಬಾಣಂತನಕ್ಕೆ ಅಫಜಲಪುರದ ಕಡೆಯ ತವರೂರಿಗೆ ಹೋಗಿದ್ದಳು. ಅಲ್ಲಿ ಅವನಿಗೊಬ್ಬ ತಂಗಿ ಹುಟ್ಟಿದ್ದಳು. ಅವನಿನ್ನೂ ಅವಳನ್ನು ನೋಡಿರಲಿಲ್ಲ. ಆ ಊರಲ್ಲಿ ಮಾಳಿಗೆ ಹತ್ತಿದರೆ ಮಾತ್ರ ನೆಟ್‌ವರ್ಕ್. ಬಾಣಂತಿ ಗಾಳಿಗೆ ಹೊರಗೆ ಬರುವಂತಿಲ್ಲ, ಮಾಳಿಗೆ ಹತ್ತುವುದಂತೂ ದೂರದ ಮಾತು. ಹೀಗಾಗಿ ಅವ್ವನ ದನಿ ಕೇಳಿಯೇ ಎಷ್ಟೋ ದಿನವಾಗಿತ್ತು.

“ಮಾವ ಮಾಳಗಿ ಮ್ಯಾಲ ಫೈಲ್ ಇಳಿಸ್ಕೊಂಡು ಒಳಗ ಒಯ್ದು ಕೇಳಸ್ತಾನ,” ಎಂದು ಕಿಶೋರ ಭಾಗ್ಯಾಳ ಕಿವಿಯಲ್ಲಿ ಹೇಳಿದ. “ಇದು ಅವ್ವಗ ಮಾತ್ರ. ಯಾರೂ ಕೇಳಬಾರದು. ನೀನೂ ಸೈತ.”

“ದೇವರಾಣಿ. ನಿಮ್ಮವ್ವನ್ನ ಬಿಟ್ಟು ಯಾರೂ ಕೇಳಂಗಿಲ್ಲ,” ಎಂದಳು ಭಾಗ್ಯಾ.

ಈಗ ಇಲ್ಲಿ ಒಂದು ಮಾತು ಹೇಳಲೇಬೇಕು. ಭಾಗ್ಯಾಳ ಮೂಗು ತುಸು ಉದ್ದ. ನೋಡಲಿಕ್ಕಲ್ಲ, ಮಂದಿಯ ವಿಷಯದಲ್ಲಿ ತೂರಿಸಲಿಕ್ಕೆ. ಫೈಲು ಸರಿಯಾಗಿದೆಯೋ ಇಲ್ಲವೋ ಚೆಕ್ ಮಾಡಬೇಡವೇ ಎಂದು ತನಗೆ ತಾನೇ ಹೇಳಿಕೊಂಡು, ಹೆಡ್‌ಫೋನ್ ಹಾಕಿಕೊಂಡು ಅವಳು ಹನ್ನೆರಡೂ ಫೈಲು ಕೇಳಿದಳು. ಕಿಶೋರನದನ್ನು ಕಡೆಯ ತನಕ ಕೇಳಿದಳು.

ಆಮೇಲೆ ಪ್ರೋಗ್ರಾಂ. ಮನೋಜ ಸರ್ ಹೇಳಿಕೊಟ್ಟಿದ್ದರು: “ಮೆಸೇಜ್ ಅಂದ್ರೆ ಒಂದು ಖಾಲಿ ಡಬ್ಬಿ ಅನ್ಕೊಳ್ಳಿ. ಮೇಲೆ ವಿಳಾಸ ಬರೀರಿ, ಒಳಗೆ ಒಂದು ಚೀಟಿ ಇಡಿ, ಫೈಲ್ ಇಡಿ, ಕಳ್ಸಿ. ಹನ್ನೆರಡು ಜನಕ್ಕೂ ಇದೇ ಕೆಲ್ಸ. ಅದಕ್ಕೇ ಲೂಪ್, ಅಂದ್ರೆ ಒಂದೇ ಕೆಲ್ಸ ಸುತ್ತಿ ಸುತ್ತಿ ಮಾಡೋದು.”

ಭಾಗ್ಯಾ ಡಬ್ಬಿ ಮಾಡಿದಳು. ಚೀಟಿ ಇಟ್ಟಳು. ಪಟ್ಟಿಯಲ್ಲಿ ಮೊದಲ ಹೆಸರು ತನ್ನದೇ ಬರೆದುಕೊಂಡಳು. ಮೊದಲ ಸಲ ಓಡಿಸಿದಾಗ ಕಂಪ್ಯೂಟರ್ ಕೆಂಪು ಅಕ್ಷರದಲ್ಲಿ ಸಿಡಿಮಿಡಿ ಮಾಡಿತು: ಒಂದೇ ಡಬ್ಬಿಯ ಮೇಲೆ ಎರಡು ವಿಳಾಸ ಬರೆಯುವಂತಿಲ್ಲ. “ಅಷ್ಟೇನಾ?” ಎಂದು ಭಾಗ್ಯಾ ಪ್ರತಿ ಸಲ ಹಳೆಯ ವಿಳಾಸ ಅಳಿಸುವ ಒಂದು ಸಾಲು ಸೇರಿಸಿದಳು. ಕೆಂಪು ಅಕ್ಷರ ಮಾಯವಾಯಿತು. ಎಂಟರ್ ಒತ್ತಿದಳು. ಕ್ಲಬ್ಬಿನವರೆಲ್ಲ ಚಪ್ಪಾಳೆ ಹೊಡೆದರು.

ಸಂಜೆ ಅವ್ವನ ಫೋನು ತೆಗೆದು ನೋಡಿದಳು. ಎರಡು ಸಲ ಓಡಿಸಿದ್ದಕ್ಕೆ ಎರಡು ಮೇಲ್, ಒಂದೊಂದರಲ್ಲೂ ಒಂದೇ ಫೈಲು, ತನ್ನದೇ. ಎಲ್ಲ ಸರಿಯಾಗಿದೆ ಎಂದುಕೊಂಡು ಹಾಯಾಗಿ ಮಲಗಿದ್ದಳು.

ಈಗ ನೋಡಿದರೆ ಈ ರಾಮಾಯಣ.

“ಅಜ್ಜಿ, ಫೋನ್ ಕೊಡ್ರಿ ಇಲ್ಲಿ,” ಎಂದಳು. ಕ್ಲಬ್ಬಿನ ಪಟ್ಟಿಯಲ್ಲಿ ಕಡೆಯವನಾದ ಮೊಮ್ಮಗ ಅಪ್ಪಿಯಿಂದ ಸಾಬವ್ವಜ್ಜಿಗೆ ಬಂದ ಮೇಲ್ ತೆರೆದಳು. ಅದರಲ್ಲಿ ಹನ್ನೆರಡು ಫೈಲು! ಹತ್ತಿರದ ಮನೆಯ ಚೇತನನ ಅಪ್ಪನ ಫೋನಿನಲ್ಲಿ ಹನ್ನೊಂದು. ಅವರು ಭಾಗ್ಯಾಳನ್ನು ನೋಡುತ್ತಲೇ ನಗಲು ಶುರು ಮಾಡಿದರು.

“ಏನವಾ, ಉಪ್ಪಿನಕಾಯಿ ಭರಣಿ ಒಡದಿದ್ದು ಬೆಕ್ಕಲ್ಲಂತ, ನೀನಂತ?”

ಭಾಗ್ಯಾ ಅವ್ವನಿಗೆ ಮಾತ್ರ ಅಂತ ರೆಕಾರ್ಡ್ ಮಾಡಿದ ಗುಟ್ಟು ಅದು. ಅವಳ ಕಿವಿಯೂ ಬಿಸಿಯಾಯಿತು.

ಮನೆಗೆ ಓಡಿ ಬಂದು ಮನೋಜ ಸರ್‌ಗೆ ಫೋನ್ ಹಚ್ಚಿದಳು. ಅವಳ ಅವ್ವ ಶಿವಕಾಂತಾ ರೊಟ್ಟಿ ಬಡಿಯುತ್ತ ಒಂದು ಕಿವಿ ಈ ಕಡೆಗೇ ಇಟ್ಟಿದ್ದಳು.

“ಸರ್, ಎಲ್ಲಾರ ಫೈಲು ಎಲ್ಲಾರಿಗೂ ಹೋಗ್ಯಾವ್ರಿ!”

“ಎಲ್ರಿಗೂನಾ? ಮೊದಲ್ನೇ ಮನೆಗೆ ಎಷ್ಟು ಹೋಗಿದೆ?”

“ನಮ್ಮ ಮನೀಗೆ ಒಂದ. ಕಡೀಗೆ ಅಪ್ಪಿ ಮನೀಗೆ ಹನ್ನೆರಡು.”

ಆ ಕಡೆ ಸರ್ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು. “ಭಾಗ್ಯಾ, ಡಬ್ಬಿ ಎಲ್ಲಿ ಮಾಡ್ದೆ? ಲೂಪ್ ಒಳಗಾ, ಹೊರಗಾ?”

“ಹೊರಗ್ರಿ. ಒಂದ ಡಬ್ಬಿ ಸಾಕಲ್ರಿ ಸರ್? ನಮ್ಮ ಮನ್ಯಾಗೂ ಹಂಗ ಮಾಡ್ತೀವಲ್ಲ.”

ಅವರ ಮನೆಯಲ್ಲಿ ಕೊಡುವ-ತರುವ ಸ್ಟೀಲಿನ ಡಬ್ಬಿ ಇರುವುದು ಒಂದೇ. ಅವ್ವ ಭಜ್ಜಿ ಮಾಡಿದರೆ ಆ ಡಬ್ಬಿ ಚೇತನನ ಮನೆಗೆ ಹೋಗುತ್ತದೆ. ಅವರು ಅದನ್ನು ಬರಿದು ಮಾಡಿ ತೊಳೆದು, ಖಾಲಿ ಕೊಡಬಾರದೆಂದು ಒಂದು ಹಿಡಿ ಶೇಂಗಾನೋ ಸಕ್ಕರೆಯೋ ಹಾಕಿ ವಾಪಸು ಕೊಡುತ್ತಾರೆ. ಮತ್ತೆ ಅದನ್ನೇ ತುಂಬಿ ಮುಂದಿನ ಮನೆಗೆ. ಇಡೀ ಓಣಿಯನ್ನು ಆ ಒಂದು ಡಬ್ಬಿ ಸುತ್ತಿ ಬರುತ್ತದೆ. ಹನ್ನೆರಡು ಮನೆಗೆ ಹನ್ನೆರಡು ಡಬ್ಬಿ ಯಾರಾದರೂ ಇಡುತ್ತಾರೆಯೇ?

“ಅಯ್ಯೋ,” ಎಂದರು ಸರ್, ನಗು ತಡೆದುಕೊಂಡು. “ನಿಮ್ಮನೇಲಿ ಡಬ್ಬಿನೇ ಹೋಗತ್ತೆ, ಖಾಲಿಯಾಗಿ ಬರತ್ತೆ. ಕಂಪ್ಯೂಟರ್ ಡಬ್ಬಿ ಕಳ್ಸಲ್ಲಮ್ಮ, ಅದರ ಕಾಪಿ ಕಳ್ಸತ್ತೆ. ನಿನ್ ಡಬ್ಬಿ ನಿನ್ ಹತ್ರಾನೇ ಇತ್ತು, ತುಂಬಿದ್ದು ತುಂಬಿದ ಹಾಗೇ. ನೀನು ಮೇಲಿನ ವಿಳಾಸ ಮಾತ್ರ ಅಳ್ಸಿದೀಯ. ಒಳಗಿದ್ದಿದ್ದನ್ನ ತೆಗೆದಿಲ್ಲ.”

ಭಾಗ್ಯಾ ಕಣ್ಣು ಮುಚ್ಚಿ ನೋಡಿದಳು. ಒಂದು ಡಬ್ಬಿ. ಮೊದಲು ಅವಳ ಭರಣಿಯ ಗುಟ್ಟು. ಅದರ ಮೇಲೆ ಇನ್ನೊಬ್ಬರದು, ಅದರ ಮೇಲೆ ಮತ್ತೊಬ್ಬರದು. ಕಿಶೋರ ಒಂಬತ್ತನೆಯವನು. ಅವನ ನಂತರದ ಮೂರು ಮನೆಗೂ ಅವನ ಜೋಗುಳ ಹೋಗಿತ್ತು.

“ವಾಪಸ್ ಕರೀಲಿಕ್ಕೆ ಬರ್ತದೇನ್ರಿ?”

“ಹೋಗಿದ್ದು ಹೋಯ್ತು. ಇನ್ನು ವಾಪಸ್ ಬರಲ್ಲ.” ಎಂದರು ಸರ್. “ತಪ್ಪು ನಂದೂ ಇದೆ. ಟೆಸ್ಟ್ ಮಾಡ್ದೆ ಕಳ್ಸೋಕೆ ಬಿಟ್ಬಿಟ್ಟೆ. ಸಾಯಂಕಾಲ ಲ್ಯಾಪ್‌ಟಾಪ್ ತರ್ತೀನಿ. ಕಿಶೋರಂಗೆ ಸಾಫ್ಟ್‌ವೇರ್ ಪ್ರಾಬ್ಲಂ ಆಯ್ತು ಅಂತ ನಾನು ಹೇಳ್ತೀನಿ ಬಿಡು.”

ಭರಣಿಯ ಸುದ್ದಿ ಓಣಿಯಿಂದ ಅವ್ವನಿಗೆ ಆಗಲೇ ಮುಟ್ಟಿತ್ತು. ಫೋನ್ ಇಟ್ಟ ಮೇಲೆ ಅವಳು ರೊಟ್ಟಿಯ ಹಿಟ್ಟಿನ ಕೈಯಲ್ಲೇ ಭಾಗ್ಯಾಳ ಕಿವಿ ಹಿಡಿದಳು. “ಬೆಕ್ಕಿಗೆ ಎಷ್ಟ ಬೈದಿದ್ನಲ್ಲೇ ನಾ! ಪಾಪ, ಎರಡು ದಿನ ಹಾಲು ಸೈತ ಹಾಕಲಿಲ್ಲ.” ಆದರೆ ಮಗಳ ಕಣ್ಣು ತುಂಬಿದ್ದು ನೋಡಿ ಕಿವಿ ಬಿಟ್ಟಳು. “ಏನಾತು?”

“ಕಿಶೋರ ನನ್ನ ಕೂಡ ಮಾತಾಡಂಗಿಲ್ಲ.”

“ಹಂಗಾದ್ರ ನೀನೇ ಹೋಗಿ ಮಾತಾಡು,” ಎಂದಳು ಅವ್ವ. ಅವಳಿಗೆ ಬೇರೆ ಕೆಲಸ ಬಹಳ ಇತ್ತು.

ಕಿಶೋರ ರೈಲ್ವೆಯ ಮೇಲ್ಸೇತುವೆಯ ಮೆಟ್ಟಿಲ ಮೇಲೆ ಕೂತಿದ್ದ. ಸಿಟ್ಟು ಬಂದಾಗ ಅವನು ಅಲ್ಲೇ ಕೂಡುವುದು. ಭಾಗ್ಯಾ ಎರಡು ಮೆಟ್ಟಿಲು ಕೆಳಗೆ ಕೂತಳು. ಒಂದು ಲೋಕಲ್ ಬಂದು ನಿಂತು ಮುಂಬೈ ಕಡೆಗೆ ಹೋಯಿತು. 

“ಮಾವ ಫೋನ್ ಮಾಡಿದ್ದ,” ಎಂದ ಕಿಶೋರ, ಹಳಿಗಳನ್ನೇ ನೋಡುತ್ತ. “ಮಾಳಗಿ ಮ್ಯಾಲ ನಿಂತು ನಿಂತು ಕಾಲು ನೋವು ಬಂತಂತ. ಮ್ಯಾಲಿಂದ ಕೆಳತನಕ ಬರೇ ಫೈಲು. ಯಾವುದು ನಂದು ತಿಳೀಲಿಲ್ಲ. ಮೊದಲಿಂದು ಒಂದ ಇಳೀತು, ಅಷ್ಟರಾಗ ನೆಟ್ ಹೋತು. ಅದನ್ನ ಒಳಗ ಒಯ್ದು ಅವ್ವನ ಕಿವೀಗೆ ಹಿಡದಾನ.”

ಮೊದಲಿನದು ಯಾರದು ಅಂತ ಭಾಗ್ಯಾಳಿಗೆ ಗೊತ್ತಿತ್ತು. ಅವಳು ತುಟಿ ಕಚ್ಚಿಕೊಂಡಳು.

“ನಮ್ಮವ್ವಗ ಕೇಳಿಸಿದ್ದು ನಿನ್ನ ಉಪ್ಪಿನಕಾಯಿ ಭರಣಿ!” ಕಿಶೋರನ ದನಿ ಒಡೆಯಿತು. “ಕಿಶ್ಯಾ ಎಲ್ಲಿದ್ದಾನ, ನನ್ನ ಕಿಶ್ಯಾ ಎಲ್ಲಿದ್ದಾನ ಅಂತ ಕೇಳಿದಳಂತ. ಓಣಿ ಮಂದಿ ಎಲ್ಲಾ ಕೇಳಿತು ನನ್ನ ಹಾಡು. ಅವ್ವ ಒಬ್ಬಾಕಿ ಕೇಳಲಿಲ್ಲ.”

ಬೇರೆ ದಿನವಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಇವತ್ತು ಭಾಗ್ಯಾಳಿಗೆ ಅಳು ಬಂತು.

“ಕಂಪ್ಯೂಟರಿಂದಾದ ತಪ್ಪೇನು ಇದು?” ಎಂದ ಕಿಶೋರ.

ಹೌದು ಅಂದುಬಿಟ್ಟರೆ ಮುಗಿದೇ ಹೋಗುತ್ತಿತ್ತು. ಸರ್ ಕೂಡ ಹಾಗೇ ಹೇಳುವವರಿದ್ದರು. ಭಾಗ್ಯಾಳ ಬಾಯಲ್ಲಿ ಆ ಮಾತು ಬಂದು ನಿಂತಿತ್ತು.

“ಅಲ್ಲ,” ಎಂದಳು. “ನಾನೇ ತಪ್ಪು ಬರದೀನಿ. ಹೊಸ ಡಬ್ಬಿ ಮಾಡಬೇಕಿತ್ತು, ಮಾಡಲಿಲ್ಲ.”

ಕಿಶೋರ ಮೊದಲ ಸಲ ಅವಳ ಕಡೆ ತಿರುಗಿದ. “ನೀ ಕೇಳಿದ್ಯಾ? ನನ್ನ ಹಾಡು?”

“ನಳದ ಹತ್ರ...”

“ಅದಲ್ಲ. ಅದಕ್ಕಿಂತ ಮೊದಲ.”

ಇನ್ನೊಂದು ರೈಲು ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ.

“ಹೂಂ. ನಿನ್ನೇನ ಕೇಳಿದ್ದೆ. ಪೂರಾ.”

ಕಿಶೋರ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು ಹೋದ. ಅವನು ಬೈದಿದ್ದರೆ ಭಾಗ್ಯಾಳಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಸಂಜೆ ಮನೋಜ ಸರ್ ಬೈಕಿನಲ್ಲಿ ಬಂದರು. ಅವರು ಬೇಡ ಅಂದರೂ ಬಿಡದೆ ಶಿವಕಾಂತಾ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಸರ್ ಒಂದು ಕೈಯಲ್ಲಿ ರೊಟ್ಟಿ ಮುರಿಯುತ್ತ ಕೂತರು. ಭಾಗ್ಯಾ ಲ್ಯಾಪ್‌ಟಾಪ್ ಮುಂದೆ ಕೂತಳು.

ತಿದ್ದುವುದೇನೂ ದೊಡ್ಡದಿರಲಿಲ್ಲ. ಡಬ್ಬಿ ಮಾಡುವ ಸಾಲು ಲೂಪಿನ ಮೇಲಿತ್ತು. ಅದನ್ನೂ ಚೀಟಿ ಇಡುವ ಸಾಲನ್ನೂ ಲೂಪಿನ ಒಳಗೆ ತಂದಳು. ಈಗ ಪ್ರತಿ ಮನೆಗೂ ಒಂದು ಹೊಸ ಡಬ್ಬಿ. ವಿಳಾಸ ಅಳಿಸುವ ಸಾಲು ಬೇಕಾಗಿರಲಿಲ್ಲ, ತೆಗೆದು ಹಾಕಿದಳು.

“ಎಂಟರ್ ಒತ್ತಲೇನ್ರಿ?”

“ಒತ್ತೋ ಮೊದ್ಲು?”

ಭಾಗ್ಯಾ ಯೋಚಿಸಿದಳು. ಹನ್ನೆರಡು ವಿಳಾಸವನ್ನೂ ತೆಗೆದು, ಎಲ್ಲದರ ಜಾಗದಲ್ಲಿ ಅವ್ವನ ವಿಳಾಸ ಹಾಕಿದಳು. ಕಿಶೋರನ ಫೈಲನ್ನು ಪಟ್ಟಿಯಿಂದ ತೆಗೆದಳು. ಉಳಿದ ಹನ್ನೊಂದಕ್ಕೂ ಫೈಲಿನ ಬದಲು ಬೆಕ್ಕಿನ ಫೋಟೋ ಇಟ್ಟಳು. ಎಂಟರ್ ಒತ್ತಿದ್ದೇ ತಡ, ಅವ್ವನ ಫೋನು ಟಿಣ್ ಟಿಣ್ ಎಂದು ಬಾರಿಸತೊಡಗಿತು. ಹನ್ನೊಂದು ಮೇಲ್, ಒಂದೊಂದರಲ್ಲೂ ಒಂದೇ ಬೆಕ್ಕು.

“ಅಷ್ಟೊಂದ ಬೆಕ್ಕು ಯಾರ ಸಾಕಬೇಕು?” ಎಂದಳು ಶಿವಕಾಂತಾ.

ಆಮೇಲೆ ಭಾಗ್ಯಾ ಕಿಶೋರನದನ್ನು ಬಿಟ್ಟು ಉಳಿದ ವಿಳಾಸ, ಫೈಲು ಎಲ್ಲ ಮೊದಲಿನಂತೆ ಮಾಡಿ, ಎಂಟರ್ ಒತ್ತಿ, ಲ್ಯಾಪ್‌ಟಾಪನ್ನು ಕಂಕುಳಲ್ಲಿ ಹಿಡಿದು ಮನೆ ಮನೆಗೆ ಹೊರಟಳು. ಹೊಸ ಮೇಲ್ ಬಂತೇ ನೋಡು, ಹಳೆಯದನ್ನು ಅಳಿಸು, ಕಸದ ಬುಟ್ಟಿಯಿಂದಲೂ ಅಳಿಸು. ಒಂದೊಂದು ಮನೆಯಲ್ಲೂ ಉಪ್ಪಿನಕಾಯಿಯ ಮಾತು ಬಂತು. ಒಬ್ಬರಂತೂ ತಮ್ಮ ಭರಣಿಯನ್ನು ಅಟ್ಟದ ಮೇಲೆ ಎತ್ತಿಟ್ಟರು. ಭಾಗ್ಯಾ ಎಲ್ಲ ಕೇಳಿಸಿಕೊಂಡಳು.

ಸಾಬವ್ವಜ್ಜಿಯ ಮನೆ ಕಡೆಯದು. ಅಜ್ಜಿ ಫೋನನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಳು.

“ನಾ ಕೊಡಂಗಿಲ್ಲ. ನೀ ಅಳಸ್ತಿ.”

“ಅಜ್ಜಿ, ಅದರಾಗ ಎಲ್ಲಾರದೂ ಅದರಿ. ನೀವು ಎಲ್ಲಾರದೂ ಯಾಕ ಕೇಳ್ತೀರಿ?”

“ನನಗ್ಯಾಕ ಬೇಕವಾ ಎಲ್ಲಾರದೂ!” ಅಜ್ಜಿಗೆ ಸಿಟ್ಟೇ ಬಂತು. “ನಮ್ಮ ಅಪ್ಪಿದು ಕೇಳಬೇಕು. ಅಜ್ಜಿ, ನಿನ್ನ ಮೊಣಕಾಲ ನೋವು ನನಗ ಬರಲಿ ಅಂದಾನ ನೋಡ, ಅದು. ನನಗ ಓದಾಕ ಬರ್ತದೇನು? ಮ್ಯಾಲಿಂದ ಒಂದೊಂದ ಒತ್ತಕೋತ ಹೋಗ್ತೀನಿ. ಎಲ್ಲಾರದೂ ಮುಗದ ಮ್ಯಾಲ ಅವನದು ಬರ್ತದ. ಮತ್ತ ಕೇಳಬೇಕಂದ್ರ ಮತ್ತ ಮ್ಯಾಲಿಂದ.”

ಭಾಗ್ಯಾಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಬೆಳಗಿನಿಂದ ಅಜ್ಜಿ ಮೊಮ್ಮಗನ ಒಂದು ಮಾತಿಗಾಗಿ ಹನ್ನೊಂದು ಮಕ್ಕಳ ಗುಟ್ಟು ದಾಟಿ ಹೋಗುತ್ತಿದ್ದಳು. ಭಾಗ್ಯಾ ಹೊಸ ಮೇಲ್ ತೆರೆದು, ಅದರಲ್ಲಿದ್ದ ಒಂದೇ ಫೈಲಿನ ಮೇಲೆ ಅಜ್ಜಿಯ ಬೆರಳನ್ನು ತಾನೇ ಹಿಡಿದು ಒತ್ತಿಸಿದಳು. ಅಪ್ಪಿಯ ದನಿ ನೇರ ಬಂತು. ಅಜ್ಜಿ ಇನ್ನೊಮ್ಮೆ ಒತ್ತಿದಳು, ಮತ್ತೊಮ್ಮೆ ಒತ್ತಿದಳು.

“ಹಿಂಗ ಮೊದಲ ಮಾಡಬಾರದೇನ? ತಗೋ, ಅದನ್ನ ಅಳಸು,” ಎಂದು ಫೋನನ್ನು ಅವಳ ಕೈಗಿತ್ತಳು.

ಹೊರಗೆ ಬಂದರೆ ಗೋಡೆಗೊರಗಿ ಕಿಶೋರ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

“ನಿನ್ನ ಮ್ಯಾಲಿನ ಸಿಟ್ಟು ಹೋಗಿಲ್ಲ,” ಎಂದ ಮೊದಲಿಗೇ. “ಆದ್ರ ಅವ್ವಗ ಮುಟ್ಟಬೇಕು.”

“ಕಳಸೋಣ. ಒಂದ ಫೈಲು, ಭಾಳ ಸಣ್ಣದು. ಲಗೂ ಇಳೀತದ.”

“ಆ ಹಾಡು ಬ್ಯಾಡ. ಅದನ್ನ ಎಲ್ಲಾರೂ ಕೇಳ್ಯಾರ. ಬ್ಯಾರೆ ಹಾಡ್ತೀನಿ.”

ಭಾಗ್ಯಾ ಲ್ಯಾಪ್‌ಟಾಪನ್ನು ಅವನ ಕೈಗೆ ಕೊಟ್ಟಳು. ರೆಕಾರ್ಡ್ ಬಟನ್ ತೋರಿಸಿದಳು. ಪ್ರೋಗ್ರಾಂನಲ್ಲಿ ಫೈಲಿನ ಹೆಸರು ಎಲ್ಲಿ ಬರೆಯಬೇಕು, ವಿಳಾಸ ಎಲ್ಲಿ, ಎಲ್ಲ ಹೇಳಿಕೊಟ್ಟಳು. “ಎಂಟರ್ ನೀನೇ ಒತ್ತು.”

ಅವನು ತನ್ನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಭಾಗ್ಯಾ ಮನೋಜ ಸರ್ ಜೊತೆ ಬೈಕಿನ ಹತ್ತಿರ ನಿಂತಳು. ಬಾಗಿಲ ಸಂದಿಯಿಂದ ಏನೋ ದನಿ ಬರುತ್ತಿತ್ತು. ಅವಳ ಕಾಲು ತಾನಾಗಿಯೇ ಆ ಕಡೆ ಒಂದು ಹೆಜ್ಜೆ ಇಟ್ಟಿತು. ಅವಳು ಕಾಲನ್ನು ಎಳೆದುಕೊಂಡು ಬಂದು, “ಸರ್, ನಿಮ್ಮ ಬೈಕು ಎಷ್ಟ ಆವರೇಜ್ ಕೊಡ್ತದ್ರಿ?” ಎಂದು ಜೋರಾಗಿ ಕೇಳಿದಳು. ಆವರೇಜ್ ಅಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಎಲ್ಲರನ್ನೂ ಕೇಳುತ್ತಾನೆ ಅಂತ ಕೇಳಿದಳು.

ಆ ವಾರವಿಡೀ ಕಿಶೋರ ಅವಳ ಜೊತೆ ಮಾತಾಡಲಿಲ್ಲ. ಕ್ಲಾಸಿನಲ್ಲಿ ರಬ್ಬರ್ ಬೇಕಾದಾಗಲೂ ಹಿಂದಿನ ಬೆಂಚಿನವರನ್ನು ಕೇಳಿದ. ಮೈದಾನದಲ್ಲಿ ಯಾರೋ “ಕ್ರೇನ್ ಝೋಪಲಾ” ಎಂದರು. ಮುಂದಿನ ರೇಡಿನಲ್ಲಿ ಕಿಶೋರ ಅವನ ಕಾಲು ಹಿಡಿದ. ಆಮೇಲೆ ಯಾರೂ ಹಾಗೆನ್ನಲಿಲ್ಲ.

ಶನಿವಾರ ಭಾಗ್ಯಾ ಎಲ್ಲರಿಗಿಂತ ಮೊದಲು ಕ್ಲಬ್ಬಿಗೆ ಬಂದಳು. ಸರ್ ಲ್ಯಾಪ್‌ಟಾಪ್ ತೆರೆದಿಟ್ಟು ಪ್ರೊಜೆಕ್ಟರಿನ ವೈರು ಹುಡುಕಲು ಆಫೀಸಿಗೆ ಹೋಗಿದ್ದರು. ಪರದೆಯ ಮೇಲೆ ಕ್ಲಬ್ಬಿನ ಮೇಲ್‌ಬಾಕ್ಸ್ ಇತ್ತು. ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಹೊಸ ಸಾಲು.

ಕಳಿಸಿದವರು ಮಾಂತು. ಕಿಶೋರನ ಮಾವ. ಪಕ್ಕದಲ್ಲಿ ಅಟ್ಯಾಚ್‌ಮೆಂಟಿನ ಪುಟ್ಟ ಪಿನ್ನು. ಕಿಶೋರನ ಮೇಲ್ ಹೋಗಿದ್ದು ಈ ವಿಳಾಸದಿಂದ, ಹಾಗಾಗಿ ಉತ್ತರವೂ ಇಲ್ಲಿಗೇ ಬಂದಿತ್ತು.

ಅವಳು ಮೇಲ್ ತೆರೆದಳು. ಅಕ್ಷರ ಒಂದೂ ಇಲ್ಲ. ಒಂದೇ ಒಂದು ಆಡಿಯೋ ಫೈಲು.

ಬಾಣದ ಗುರುತು ಆ ಫೈಲಿನ ಮೇಲೇ ಇತ್ತು. ಹೆಡ್‌ಫೋನ್ ಪಕ್ಕದಲ್ಲೇ ಇತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮತ್ತೆ ಫೈಲು ಸರಿಯಾಗಿದೆಯೋ ಇಲ್ಲವೋ ಒಮ್ಮೆ ಚೆಕ್...

ಭಾಗ್ಯಾ ಟಚ್‌ಪ್ಯಾಡಿನಿಂದ ಬೆರಳು ತೆಗೆದಳು. ಎದ್ದು ಕಿಟಕಿಗೆ ಹೋಗಿ ಕೂಗಿದಳು.

“ಕಿಶ್ಯಾ! ನಿಮ್ಮ ಊರಿಂದ ಬಂದದ!”

ಕಬಡ್ಡಿಯ ಗೆರೆ ಎಳೆಯುತ್ತಿದ್ದ ಕಿಶೋರ ಸುಣ್ಣದ ಡಬ್ಬ ಬಿಸಾಡಿ ಓಡಿ ಬಂದ. ಅವಳು ಹೆಡ್‌ಫೋನನ್ನು ಅವನ ಕಿವಿಗೆ ಹಾಕಿ, ಒತ್ತುವ ಜಾಗ ತೋರಿಸಿ, ಹೊರಗೆ ಬಂದು ಬಾಗಿಲು ಎಳೆದುಕೊಂಡಳು.

ವರಾಂಡದಲ್ಲಿ ಅಪ್ಪಿ ಸಿಕ್ಕ. “ಏನ ಬಂದದ ಅಕ್ಕಾ? ಅದರಾಗ ಏನದ?”

“ನನಗೇನ ಗೊತ್ತು? ಕಿಶೋರಗ ಬಂದದ್ದು ಅದು.”

ಅಪ್ಪಿಗೆ ನಂಬಿಕೆಯಾಗಲಿಲ್ಲ. ಭಾಗ್ಯಕ್ಕನಿಗೆ ಗೊತ್ತಿಲ್ಲದ್ದು ಅಂತ ಏನಾದರೂ ಇರುತ್ತದೆಯೇ? ಅವನು ಅವಳ ಮುಖವನ್ನೇ ನೋಡುತ್ತ ನಿಂತ.

ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಕಿಶೋರನ ಕಣ್ಣು ಕೆಂಪಗಿತ್ತು, ಬಾಯಿ ಕಿವಿಯ ತನಕ ಹಿಗ್ಗಿತ್ತು.

“ಒಳಗ ಬಾ,” ಎಂದ ಭಾಗ್ಯಾಳಿಗೆ. ವಾರದಿಂದ ಅವಳ ಜೊತೆ ಅವನು ಆಡಿದ ಮೊದಲ ಮಾತು. “ತಂಗೀದು ಕೇಳಸ್ತೀನಿ. ಅವ್ವ ಅಂದಿದ್ದಲ್ಲ ಮತ್ತ. ತಂಗೀದು ಅಷ್ಟ.”

ಭಾಗ್ಯಾ ಹೆಡ್‌ಫೋನ್ ಹಾಕಿಕೊಂಡಳು. ಕಿಶೋರ ಫೈಲನ್ನು ಮುಂದೆ ಹಿಂದೆ ಎಳೆದು ಒಂದು ಜಾಗದಲ್ಲಿ ನಿಲ್ಲಿಸಿ ಒತ್ತಿದ. ಮೊದಲು ಒಂದು ಬಿಕ್ಕಳಿಕೆ. ಆಮೇಲೆ ಕುಂಯ್ ಅಂತ ಸಣ್ಣ ಅಳು. ಆಮೇಲೆ ಯಾರೋ ಲೊಚಗುಟ್ಟಿದ ಹಾಗೆ, ಮತ್ತೆ ಬಿಕ್ಕಳಿಕೆ.

“ಬಿಕ್ಕತಾಳ!” ಎಂದಳು ಭಾಗ್ಯಾ.

“ಹೂಂ! ಯಾವಾಗಲೂ ಬಿಕ್ಕತಾಳಂತ!”

ಅಷ್ಟರಲ್ಲಿ ಹೆಡ್‌ಫೋನಿನಲ್ಲಿ ಒಂದು ಹೆಣ್ಣು ದನಿ ಹತ್ತಿರ ಬಂದು, ಮೆಲ್ಲಗೆ, “ಕಿಶ್ಯಾ...” ಎಂದಿತು.

ಭಾಗ್ಯಾ ತಟ್ಟನೆ ಹೆಡ್‌ಫೋನ್ ತೆಗೆದು ಅವನ ಕೈಗೆ ಕೊಟ್ಟಳು.